ಸಾಹೇಬರು ಹೊದಿಸುವ ಶಾಲು

ಜಹೀರಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ಕುರಿ ಕಾಯುವ ಮರೆಪ್ಪ ತನ್ನ ಅಕ್ಕ ಭೀಮವ್ವನ ಸಂಗಡ ಕೂತಿದ್ದ. ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದ ಮುದುಕ ಆತ್ಮಾರಾಮ ಕಿವಿ ಇದ್ದೂ ಇಲ್ಲದವನಂತೆ ರಸ್ತೆ ನೋಡುತ್ತಿದ್ದ.

"ಗುಪ್ತಚರ ಇಲಾಖೆ ಸಾಹೇಬ್ರು ಈಗ ಹೈದರಾಬಾದಿನ್ಯಾಗ ಪ್ರೊಫೆಸರ್ ಆಗ್ಯಾರಕ್ಕ. ನನಗ ಸ್ಟೇಜಿನ ಮ್ಯಾಲ ಶಾಲು ಹೊದಿಸ್ತಾರಂತ."

"ಕಂಬಳಿ ಹೊದ್ದು ಬೆಳದಾವಗ ಶಾಲು ಯಾತಕ್ಕೋ?"

"ಸುದ್ದಿ ಹೆಂಗ ತೆಗೀಬೇಕಂತ ಹುಡುಗರಿಗೆ ಪಾಠ ಹೇಳ್ತಾರ. ಅಡವ್ಯಾಗಿನ ಸುದ್ದಿ ಕೊಡಾವ ನಾನೇ ಇದ್ನಲ್ಲ."

"ನಮ್ಮೂರ ಶಂಕರಮ್ಮನ ಮಗ ಪೊಲೀಸರಿಗೆ ತಪ್ಪಿಸ್ಕೊಂಡು ಅಡಗಿದ್ದ ಜಾಗಾನೂ ನೀನೇ ತೋರ್ಸಿದಿ. ಹಿಡ್ಕೊಂಡು ಹೋದ ಮ್ಯಾಲ ಆ ಹುಡುಗ ತಿರುಗಿ ಬರಲಿಲ್ಲ. ಅದೂ ಹೇಳ್ತಾರೇನು?"

"ಹೇಳಬ್ಯಾಡ್ರೀ ಅಂದೆ. ಹಳೇ ಮಾತು, ಈಗ್ಯಾಕ ಅಂಜತೀ ಅಂತ ನಕ್ರು."

"ಅವರಿಗೆ ಹಳೇದು. ಆಕಿ ಇನ್ನೂ ಮಗನ ದಾರಿ ನೋಡ್ಲಾಕತ್ತಾಳ. ನಡಿ, ಮನಿಗೆ ಹೋಗಮು."

"ನಾ ಹೋಗಲಿಲ್ಲಂದ್ರ, ಹುಡುಗರನ್ನ ಕರ್ಕೊಂಡು ನಮ್ಮೂರಿಗೇ ಬಂದು ಹೊದಿಸ್ತಾರಂತ."

ಹೈದರಾಬಾದಿನ ಬಸ್ಸು ಬಂದು ನಿಂತಾಗ ಭೀಮವ್ವನೇ ಮೊದಲು ಎದ್ದಳು.

"ನಡಿ. ಅಲ್ಲೇ ಹೊದ್ದು ಅಲ್ಲೇ ಬಿಟ್ಟು ಬರಮು. ಕುರಿ ಯಾರ ಹತ್ರ ಬಿಟ್ಟು ಬಂದಿ?"

ಮರೆಪ್ಪ ಬಸ್ಸಿನ ಮೆಟ್ಟಿಲು ಹತ್ತುತ್ತ, ತಿರುಗಿ ನೋಡದೆ ಹೇಳಿದ:

"ಶಂಕರಮ್ಮನ ಹತ್ರ. ನನ್ನ ಬಿಟ್ಟು ಇನ್ಯಾರನ್ನ ನಂಬ್ತೀಯೋ ತಮ್ಮಾ, ಅಂದ್ಲು."