ಹತ್ತು ಸಾವಿರದ ಒಂದು ಕಲ್ಲು

ಕೇಳ್ರವ್ವಾ, ಕೇಳ್ರಪ್ಪಾ, ಹತ್ತಿರ ಸರಿದು ಕೂತ್ಕಳ್ಳಿ. ಯಾವ ದಿಕ್ಕೋ, ಯಾವ ಸೀಮೆಯೋ, ನನಗೆ ಹೇಳಿದವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಲ್ಲೊಬ್ಬ ದೊರೆ. ಅವನ ರಾಣಿ ತೀರಿಕೊಂಡಳು. ಅವಳ ಹೆಸರಲ್ಲಿ ಒಂದು ಅಂಗಳ ಆಗಲಿ ಅಂತ ಹತ್ತು ಸಾವಿರ ಮನೆಯವರು ಮನೆಗೊಂದು ಕಲ್ಲು ತಂದು ಕೋಟೆಯೊಳಗೆ ಇಟ್ಟರು. ದೊರೆ ಇನ್ನೊಂದು ಸೇರಿಸಿದ. ಯಾವುದು? ರಾಣಿ ದಿನಾ ಬಿಸಿಲಿಗೆ ಕೂತು ತಲೆಗೂದಲು ಒಣಗಿಸಿಕೊಳ್ಳುತ್ತಿದ್ದ ಕಲ್ಲು. ಎಲ್ಲವೂ ಒಂದೇ ಅಳತೆಯ ಚೌಕ ಕಲ್ಲು.

ಕಲ್ಲುಕುಟಿಗ ಮಾಳಿಂಗನನ್ನು ಕರೆಸಿ ದೊರೆ ಹೇಳಿದ: "ನಾಕು ಮೂಲೆ ನೇರ ಇರೋ ಅಂಗಳ ಹಾಸು. ಒಂದು ಕಲ್ಲೂ ಉಳೀಬಾರದು, ಒಂದನ್ನೂ ಒಡೀಬಾರದು, ಹೊಸದು ಸೇರಿಸಬಾರದು. ಮುಗಿಯೋ ತನಕ ಕೋಟೆ ಬಾಗಿಲು ದಾಟಬೇಡ."

"ಎಂಟು ದಿನದ ಕೆಲಸ ಬುದ್ಧಿ" ಅಂದ ಮಾಳಿಂಗ. ಹೆಂಡತಿ ಹೊನ್ನವ್ವನಿಗೂ ಹಾಗೇ ಹೇಳಿ ಬಂದಿದ್ದ.

ಸಾಲಿಗೆ ನೂರು ಹಾಸಿದ, ಒಂದು ಉಳಿಯಿತು. ಐವತ್ತು ಹಾಸಿದ, ಒಂದು ಉಳಿಯಿತು. ನಲವತ್ತು ಹಾಸಿದ, ಮತ್ತೂ ಒಂದು ಉಳಿಯಿತು! ಪಂಡಿತರು ಬಂದು ಐವತ್ತರವರೆಗೆ ಎಲ್ಲಾ ಲೆಕ್ಕ ಹಾಕಿ ಕೈ ಚೆಲ್ಲಿದರು. "ಇದು ಒಂಟಿ ಸಂಖ್ಯೆ. ಒಂದೇ ಸಾಲಾಗಿ ಹಾಸಬಹುದು, ಅಷ್ಟೇ" ಅಂದರು. ಒಂದೇ ಸಾಲು ಅಂಗಳ ಆಗ್ತದಾ? ನೀವೇ ಹೇಳಿ.

ಮೊದಲ ವರ್ಷ ಹೊನ್ನವ್ವ ನಡೆದು ಬಂದು ಕೋಟೆ ಬಾಗಿಲ ಸಂದಿಗೆ ಬಾಯಿ ಇಟ್ಟಳು. "ರೀ, ಯಾವಾಗ ಬರ್ತೀರಿ?" "ಈ ಸುಗ್ಗಿಗೆ ಕಣೇ." ಎರಡನೇ ವರ್ಷ ಬಂದಳು. "ರೀ, ಯಾವಾಗ ಬರ್ತೀರಿ?" "ಬರೋ ಸುಗ್ಗಿಗೆ." ಮೂರನೇ ವರ್ಷ ಬಂದಳು. ಆ ಕಡೆಯಿಂದ ಮೂಗು ಎಳೆದ ಸದ್ದು ಮಾತ್ರ.

"ಒಟ್ಟು ಎಷ್ಟು ಕಲ್ಲು, ಅದನ್ನಾದರೂ ಹೇಳಿ" ಅಂದಳು. ಹೇಳಿದ.

ಮನೆಗೆ ಹೋದಳು. ಹತ್ತು ಸಾವಿರದ ಒಂದು ಹುಣಸೆ ಬೀಜ ಎಣಿಸಿ ಕಣದಲ್ಲಿ ಹರವಿದಳು. ಸಾಲಿಗೆ ಎರಡು ಇಟ್ಟಳು, ಒಂದು ಉಳಿಯಿತು. ಮೂರು ಇಟ್ಟಳು, ಎರಡು ಉಳಿದವು. ಎರಡಕ್ಕೆ ಒಗ್ಗದ್ದು ನಾಲ್ಕಕ್ಕೂ ಒಗ್ಗಲ್ಲ, ಆರಕ್ಕೂ ಒಗ್ಗಲ್ಲ ಅಂತ ಅವಳಿಗೆ ಹೊಳೆಯಿತು. ಅಂಥವನ್ನೆಲ್ಲ ಬಿಟ್ಟಳು. ಐದು, ಏಳು, ಹನ್ನೊಂದು, ಹದಿಮೂರು. ಐವತ್ತು ದಾಟಿತು. ನೋಡಿದವರು, "ಗಂಡನ ಚಿಂತೇಲಿ ಇವಳಿಗೆ ತಲೆ ಕೆಟ್ಟಿದೆ" ಅಂದರು. ಅವಳು ಬಗ್ಗಿದ ಸೊಂಟ ಎತ್ತಲಿಲ್ಲ. ಎಪ್ಪತ್ತೊಂದು ಇಟ್ಟಳು, ಅರವತ್ತೊಂದು ಉಳಿದವು. ಎಪ್ಪತ್ಮೂರು ಇಟ್ಟಳು.

ಕೈಯಲ್ಲಿ ಏನೂ ಉಳಿಯಲಿಲ್ಲ. ಸಾಲು ಎಣಿಸಿದಳು: ನೂರಾ ಮೂವತ್ತೇಳು. ಕಣದಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಕೋಟೆಗೆ ಹೋಗಿ ದೊರೆಯ ಮುಂದೆ ನಿಂತಳು. ಅವಳು ಹೇಳಿದ ಹಾಗೆ ಎಣಿಸಿ ನೋಡಿಸಿದ ದೊರೆ, ಮೆಲ್ಲಗೆ ಕೇಳಿದ: "ನನ್ನ ರಾಣಿಯ ಕಲ್ಲು ಎಲ್ಲಿಗೆ ಬರ್ತದೆ ತಾಯಿ?"

"ಎರಡೂ ಬೆಸ ಸಂಖ್ಯೆ ಬುದ್ಧಿ, ಅದಕ್ಕೇ ನಟ್ಟನಡುವೆ ಒಂದು ಕಲ್ಲು ಬಂದೇ ಬರ್ತದೆ. ಈ ಪಕ್ಕ ಮೂವತ್ತಾರು, ಆ ಪಕ್ಕ ಮೂವತ್ತಾರು. ಮುಂದೆ ಅರವತ್ತೆಂಟು ಸಾಲು, ಹಿಂದೆ ಅರವತ್ತೆಂಟು. ನಡುವಿನದು ರಾಣಿ ಅವ್ವಾರದು."

ದೊರೆ ಶಲ್ಯದಲ್ಲಿ ಮುಖ ಮುಚ್ಚಿಕೊಂಡ. ಆಮೇಲೆ, "ಏನು ಬೇಕು ಕೇಳು" ಅಂದ.

"ನಮ್ಮೋರನ್ನ ಕಳಿಸಿಕೊಡಿ."

"ಹೋದವಳ ದಾರಿಯನ್ನೇ ನೋಡ್ತಾ ಕೂತೆ. ಇರೋಳೊಬ್ಬಳು ದಾರಿ ಕಾಯ್ತಿದ್ದಾಳೆ ಅಂತ ನನಗೆ ಹೊಳೀಲೇ ಇಲ್ಲವಲ್ಲ!" ಅಂದ ದೊರೆ. "ಅಂಗಳ ಬೇರೆಯವರು ಹಾಸಲಿ. ಈಗಲೇ ಕರಕೊಂಡು ಹೋಗು."

ಗಂಡ ಹೆಂಡತಿ ಹೊರಟರು. ಅರ್ಧ ದಾರಿಯಲ್ಲಿ ಮಾಳಿಂಗ ತಿರುಗಿ ನೋಡಿ, "ಕೂದಲು ನೆರೆತಿದೆಯಲ್ಲೇ ನಿಂಗೆ" ಅಂದ.

"ನಿಮಗೂ" ಅಂದಳು. ಇಬ್ಬರೂ ನಕ್ಕರು.

ಅವರು ಮನೆ ಮುಟ್ಟಿದರು, ನನ್ನ ಮಾತೂ ಮುಟ್ಟಿತು. ಏಳಿ, ನಿಮ್ಮ ದಾರಿ ಕಾಯೋರು ಇದ್ದಾರೆ.