ಬರೀ ಶೀತ ಅಂದ್ರು

...ಮುನಿಸಿಕೊಂಡು ಕೂತ್ಕೊಳ್ಳೋಕೆ ಇದೇ ಹೊತ್ತು ಸಿಕ್ತಾ ನಿಂಗೆ? ತಿರುಗು ಈ ಕಡೆ. ಕನ್ನಡಿಯಲ್ಲಿ ಅಲ್ಲ, ನನ್ನ ಮುಖ ನೋಡು! ಕೇಳಿಸ್ತಿದೆಯಾ ಹೊರಗೆ? ಹಾಲ್ ತುಂಬ ಜನ ಕಣೆ, ನಿನ್ನ ಹೆಸರು ಹಿಡಿದು ಕೂಗ್ತಿದ್ದಾರೆ. ಮುಂದಿನ ಸಾಲಲ್ಲಿ ಆಡಿಯೋ ಕಂಪನಿಯವರು ಕೂತಿದ್ದಾರೆ. ಇವತ್ತು ಅವರಿಗೆ ಹಿಡಿಸಿದ್ರೆ ಆಲ್ಬಂ ನಿಂದು, ದೊಡ್ಡ ದೊಡ್ಡ ವೇದಿಕೆ ಎಲ್ಲ ನಿಂದು. ಮಹಾರಾಣಿ ಮಾತ್ರ ಇಲ್ಲಿ ಬಾಯಿಗೆ ಬೀಗ ಜಡ್ಕೊಂಡು ಕೂತಿದ್ದಾಳೆ!

ಲಿಪ್‌ಸ್ಟಿಕ್ ಯಾಕೆ ಒರೆಸ್ಕೊಳ್ತೀಯ? ಬಿಡು! ಕೊಡಿಲ್ಲಿ ಆ ಹತ್ತಿ.

ಏನು, ನಗು ಬರ್ತಿದೆಯಾ? ನಗು, ನಗು. ನಿನ್ನನ್ನ ಈ ಕುರ್ಚಿವರೆಗೆ ತಂದವರು ಯಾರು? ಹೇಳು! ಆ ಸೋಫಾ ಅಂಗಡಿ ಉದ್ಘಾಟನೆಗೆ ಹಾಡೋಕೆ ಹೋಗಿದ್ದು ನೆನಪಿದೆಯಾ? ನೀನು ಕಣ್ಣು ಮುಚ್ಕೊಂಡು ಹಾಡ್ತಿದ್ರೆ, ಜನ ಎದ್ದು ಕೂತು, ಎದ್ದು ಕೂತು, ಸ್ಪ್ರಿಂಗ್ ಗಟ್ಟಿ ಇದೆಯಾ ಅಂತ ನೋಡ್ತಿದ್ರು. "ಅಕ್ಕಾ, ಸಾಕು, ಮನೆಗೆ ಹೋಗೋಣ" ಅಂತ ಅತ್ಬಿಟ್ಟೆ. ಆವತ್ತು ನಿನ್ನ ಮಾತು ಕೇಳಿದ್ದಿದ್ರೆ? ಮೈಕು ಮತ್ತೆ ಕೈಗೆ ತುರುಕಿದವಳು ನಾನು! ನಂಗೇನು ಹಾಡೋಕೆ ಬರ್ತಿರ್ಲಿಲ್ವಾ? ಬರ್ತಿತ್ತು. ನಿನ್ನಷ್ಟು... ಬರ್ತಿರ್ಲಿಲ್ಲ. ಹೋಗ್ಲಿ, ಅದೀಗ ಬೇಡ.

ತಲೆ ಯಾಕೆ ಆಡಿಸ್ತೀಯ? ಗಂಟಲಿಗೆ ಕೈ ಬೇರೆ... ಶುರುವಾಯ್ತು ನಾಟಕ! ಹೋದ ವಾರ ಶೋ ಮೇಲೆ ಶೋ ಹಾಡಿದ್ಯಲ್ಲ, ಆಗೆಲ್ಲಿ ಹೋಗಿತ್ತು ಈ ನೋವು? ಡಾಕ್ಟರೇ ಹೇಳಿದ್ರು, ಬರೀ ಶೀತ, ಬಿಸಿನೀರು ಕುಡೀಲಿ ಅಂತ. ನಿನ್ನ ಹತ್ರ ಹೇಳ್ಲಿಲ್ಲ, ಸರಿ. ನನ್ನನ್ನ ಹೊರಗೆ ಕರೆದು ಹೇಳಿದ್ರು. ಶೀತ ಅನ್ನೋಕೆ ಹೊರಗ್ಯಾಕೆ ಕರೀಬೇಕು ಅಂತಾನಾ? ನಂಗೇನು ಗೊತ್ತು! ಡಾಕ್ಟರನ್ನೇ ಕೇಳ್ಬೇಕಿತ್ತು ನೀನು.

ಬಂದ್ವಿ, ಬಂದ್ವಿ! ಬಾಗಿಲು ಮುರೀಬೇಡಿ ಸ್ವಾಮಿ!... ನೋಡಿದ್ಯಾ, ಆಯೋಜಕರು ಕುಣೀತಿದ್ದಾರೆ. ಏಳು. ಏಳ್ತೀಯೋ, ಕೈ ಹಿಡಿದು ಎಳೀಬೇಕೋ?

ಹಾಗೆ ನೋಡಬೇಡ... ಹಾಗೆ ನೋಡಬೇಡ ಅಂದ್ನಲ್ಲ!

ಆರು ತಿಂಗಳು ಕಣೆ! ಆರು ತಿಂಗಳು ಹಾಡಕೂಡದು ಅಂದ್ರು ಆ ಮಹಾನುಭಾವರು. ಗಂಟಲೊಳಗೆ ಗಂಟು ಬೆಳೆದಿದೆ, ಹೀಗೇ ಹಾಡಿಸಿದ್ರೆ ದನಿ ಹೋಗ್ಬಹುದು ಅಂದ್ರು. ಹೋಗ್ಬಹುದು ಅಂದ್ರು! ಹೋಗುತ್ತೆ ಅಂದ್ರಾ? ಅನ್ನಲಿಲ್ಲ! ಈಗಷ್ಟೇ ಹೆಸರು ಮೇಲೆ ಬರ್ತಿದೆ. ಆರು ತಿಂಗಳು ಮೂಲೆ ಸೇರಿದ್ರೆ ಈ ಜನ ಇನ್ನೊಬ್ಬಳನ್ನ ತಲೆ ಮೇಲೆ ಹೊತ್ಕೊಂಡು ಮೆರೆಸ್ತಾರೆ. ನಾನು ಮುಚ್ಚಿಟ್ಟಿದ್ದು ನಿನಗೋಸ್ಕರ... ನಿನಗೋಸ್ಕರಾನೇ.

ಅಳ್ಬೇಡ, ಮೇಕಪ್ಪು ಇಳಿಯುತ್ತೆ... ಇಲ್ಲ, ಅಳು. ಬೈ ಬೇಕಾದ್ರೆ. ಬೈಯೇ! ಹಾಳಾಗಿ ಹೋಗು ಅನ್ನು, ಅನ್ನಿಸ್ಕೊಳ್ತೀನಿ. ಹಾಂ, ಬಾಯಿ ತೆರೆದ್ಯಲ್ಲ... ಅನ್ನು ಮತ್ತೆ. ಜೋರಾಗಿ ಅನ್ನು.

ಏನೇ ಅದು... ಬರೀ ಉಸಿರು?

ತಮಾಷೆ ಮಾಡಬೇಡ ಪುಟ್ಟಿ. ಇನ್ನೊಂದು ಸಲ. ಅಕ್ಕ ಅನ್ನು, ಅಷ್ಟೇ ಸಾಕು... ಬೆಳಿಗ್ಗೆ ಕಾರಲ್ಲಿ ಚೆನ್ನಾಗೇ ಮಾತಾಡಿದ್ಯಲ್ಲ? ಮಾತಾಡಿದ್ಯಲ್ವಾ?...

ಬೆಳಿಗ್ಗೆಯಿಂದ ನಾನೊಬ್ಬಳೇ ಮಾತಾಡ್ತಿದ್ನಾ?