ಪಟಗಾ ಕಂಡರೆ ಕೊಡ ಒಳಗಿಡಿ

ಅಧ್ಯಕ್ಷರಾದ ಶೈಲಾ ಅವರೇ, ನಿಮ್ಮ ಮೊಣಕಾಲು ಈಗ ಹೇಗಿದೆ? ಅತಿಥಿಗಳಾದ ಈರಯ್ಯನವರೇ, ಕೆಮ್ಮು ಇಳಿಯಿತೇ? ಮುಂದಿನ ಸಾಲಿನಲ್ಲಿ ಕೂಸು ಎತ್ತಿಕೊಂಡು ಕೂತ ಮಗನೊಡನೆ ಕನಮಡಿಯಲ್ಲಿರುವ ನನ್ನ ಸೊಸೆ ಮಾಲಾ, ಅಲ್ಲಿ ಎಲ್ಲರೂ ಕ್ಷೇಮವೇ? ನಿಡೋಣಿಯ ಸಭಿಕರೇ, ನೀವು ಆರಾಮ ಇದ್ದೀರೆಂದು ನಿಮ್ಮ ಗದ್ದಲವೇ ಹೇಳುತ್ತಿದೆ.

ಇಂದು ನನ್ನ ಮಗಳು ಪೂನಮಳಿಗೆ ಸನ್ಮಾನ, ಪಕ್ಕದ ಕೋಣೆಯಲ್ಲಿ ಮಕ್ಕಳಿಗೆ ಟೈಫಾಯ್ಡ್ ಲಸಿಕೆ. ರೋಗಾಣುವನ್ನು ಮೈ ಹೇಗೆ ಗುರುತು ಹಿಡಿಯುತ್ತದೆ ಎಂದು ವಿಜಯಪುರದಲ್ಲಿ ಓದಿ ಡಾಕ್ಟರೇಟ್ ಪಡೆದವಳು ಅವಳು. ಶಾಲೆಯ ಮೆಟ್ಟಿಲು ಹತ್ತದ ರುಕ್ಮವ್ವ ನಾನು, ಅವಳ ಪುಸ್ತಕಗಳನ್ನು ಅಕ್ಷರ ಕೂಡಿಸಿ ಓದಿದ್ದೇನೆ. ಆದರೆ ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ, ಮಾಲಾಳ ಮದುವೆಯಿಂದ!

ಅಂದು ತಲೆಗೆ ಕೆಂಪು ಪಟಗಾ ಸುತ್ತಿದ ಒಬ್ಬಾತ ಬಂದ. ನಾವು ಹೆಣ್ಣಿನ ಕಡೆಯವನೆಂದುಕೊಂಡೆವು, ಅವರು ಗಂಡಿನ ಕಡೆಯವನೆಂದುಕೊಂಡರು. ಯಾರು ಕೇಳಬೇಕು? ಹೆಸರು ಕೇಳಿದರೆ ಬೀಗರು ಮುನಿದಾರು! ಪಂಕ್ತಿ ಮೇಲೆ ಪಂಕ್ತಿ ಹೋಳಿಗೆ ಉಂಡು, ತಾಮ್ರದ ಕೊಡ ಎತ್ತಿಕೊಂಡು ನಡೆದ. ಆದರೆ ನಮ್ಮ ಯಜಮಾನರಿದ್ದಾರಲ್ಲ, ಸಾಬಣ್ಣನವರು, ನಕ್ಕರೆ ಬಬಲೇಶ್ವರಕ್ಕೆ ಕೇಳಬೇಕು. ಊಟದಲ್ಲಿ ಅವನ ಹೆಗಲ ಮೇಲೆ ಕೈ ಹಾಕಿ "ಬೀಗರ, ಇನ್ನೊಂದ್ ಹೋಳಿಗಿ ಹಾಕ್ಕೋರಿ!" ಎಂದು ಕೂಗಿದ್ದರು. ಎಲ್ಲರ ಕಣ್ಣೂ ಅತ್ತ ಹೊರಳಿದ್ದವು. ಮುಂದೆ ಟಿಕೋಟಾದ ಮದುವೆಯಲ್ಲಿ ಅದೇ ಪಟಗಾ ಬಾಗಿಲಲ್ಲಿ ಕಂಡದ್ದೇ ತಡ, ಹೆಂಗಸರೆಲ್ಲ "ಸಾಬಣ್ಣ ಕಾಕಾನ ಜೋಡಿ ಕುಂತಾಂವ ಬಂದಾನ, ಕೊಡ ಒಳಗಿಡ್ರೇ!"

ಟೈಫಾಯ್ಡ್ ರೋಗಾಣುವೂ ಸಕ್ಕರೆಯ ಪಟಗಾ ಸುತ್ತಿರುತ್ತದೆ. ಅದೇ ಪ್ರತಿಜನಕ, ಮೈ ಗುರುತಿಸಬೇಕಾದ ಕುರುಹು. ಬರೀ ಸಕ್ಕರೆಯನ್ನು ಎಳೆಕೂಸಿನ ಮೈ ಲೆಕ್ಕಕ್ಕೇ ಹಿಡಿಯದು. ಅದಕ್ಕೇ ಲಸಿಕೆಯಲ್ಲಿ ಅದರ ಜೊತೆ ನಮ್ಮ ಯಜಮಾನರಂಥ ಒಂದು ಪ್ರೋಟೀನು ಕಟ್ಟಿ ಕಳಿಸುತ್ತಾರೆ. ಆಗ ಮೈ ತಿರುಗಿ ನೋಡುತ್ತದೆ, ನೆನಪಿಡುತ್ತದೆ.

ನಿನ್ನೆ ಮಾಲಾ ಕೇಳಿದಳು: "ಅತ್ತೀ, ಹ್ವಾದ ಸಲದ ಸೂಜಿಗೇ ಕೂಸಿಗೆ ಜ್ವರ ಬಂದಿದ್ವು. ಆರಾಮಿದ್ದ ಕೂಸಿಗೆ ನಾನ ಜಡ್ಡ ಹಚ್ಚಲೇನು?" ಇಲ್ಲವ್ವಾ. ಇದರಲ್ಲಿ ಪಟಗಾ ಅಷ್ಟೇ, ಒಳಗೆ ಮನುಷ್ಯನಿಲ್ಲ. ಮೈ ಬೆಚ್ಚಗಾದರೆ ಒಳಗಿನವರು ಎದ್ದು ನೋಡುತ್ತಿದ್ದಾರೆ ಎಂದುಕೋ. ನನ್ನ ಮೊದಲ ಮಗಳಿಗೆ ಟೈಫಾಯ್ಡ್ ಬಂದಾಗ ಈ ಸೂಜಿ ಇರಲಿಲ್ಲ. ಪೂನಮಳಿಗಿಂತ ದೊಡ್ಡವಳು, ಇದ್ದಿದ್ದರೆ... ಇರಲಿ, ಇಂದು ಸಂತೋಷದ ದಿನ.

ಅಗೋ, ಮಾಲಾ ಎದ್ದಳು. ನನ್ನ ಮಾತು ಬೇಸರವಾಯಿತೇ, ತಂಗೀ? ಎಡಕ್ಕೆ ಹೋದರೆ ಬಸ್ಸು, ಬಲಕ್ಕೆ ಲಸಿಕೆಯ ಕೋಣೆ... ಬಲಕ್ಕೇ ತಿರುಗಿದಳು! ಚಪ್ಪಾಳೆ ಬೇಡ, ಕೂಸು ಎದ್ದೀತು.

ಕೂತು ಕೇಳಿದ ಎಲ್ಲರಿಗೂ ಧನ್ಯವಾದ, ನಮಸ್ಕಾರ. ಮಾಲಾ, ಆ ಕೋಣೆಗೆ ಕೇಳಿಸುತ್ತಿದೆಯಾ? ಕನಮಡಿ ಮುಟ್ಟಿದೊಡನೆ ಕೂಸು ಹೇಗಿದೆ ಎಂದು ಬೇಗ ಬರೆದು ಹಾಕವ್ವಾ.